ಹುಕ್ಕಾ ಎಳೆದ ದೂರ

ನಾ ಟೇಪು ಹಿಡಿಯಾಂವ.
ಮೋಜಣಿ ಇಲಾಖೆಯಾಗ ಮೂವತ್ತೊಂದು ವರ್ಷ ಸರಪಳಿ ಜಗ್ಗಿ
ರಿಟೈರಾದ ಮ್ಯಾಲ
ಟ್ರ್ಯಾಕ್ಟರ್ ಪಂದ್ಯಕ್ಕ ಕರೀತಿದ್ರು:
ಝರೆಪ್ಪ ಸುಳ್ಳು ಅಳೆಯಾಂಗಿಲ್ಲ, ಅಂತ.

ನನ್ನ ಟೇಪಿನ ಮೊದಲ ಇಂಚು ಮುರದದ.
ಹಂಗಾಗಿ ಒಂದರಿಂದ ಹಿಡೀತೀನಿ,
ಬಂದ ಲೆಕ್ಕದಾಗ ಒಂದು ಕಳೀತೀನಿ.
ಇದೊಂದು ನೆನಪಿಟ್ಕೋರಿ.

ಹುಕ್ಕಾ ಮೊದಲ ಸಲ ಬಂದದ್ದು ಹಾಲಬರ್ಗಾದ ಮೈದಾನಕ್ಕ.
ಕಬ್ಬು ಹೊತ್ತು ಹೊತ್ತು ಸವೆದ ಹಳೇ ಇಂಜಿನ್ನಿಗೆ
ಎದಿಮಟ್ಟದ ಗಾಲಿ ಹಾಕಿ ಎಬ್ಬಿಸಿದ್ದ ಸುಧಾಕರ.
ನೌಬಾದದಾಗ ಅವನ ವೆಲ್ಡಿಂಗ್ ಅಂಗಡಿ,
ರವಿವಾರ ಚರ್ಚಿನಾಗ ಹಾರ್ಮೋನಿಯಂ.

ಮೈಯೆಲ್ಲ ಕರಿ.
ಕರಿ ಮ್ಯಾಲ ಬೆಳ್ಳಿ ಬಳ್ಳಿ, ಬಳ್ಳಿ ತುಂಬ ಅಶರ್ಫಿ ಹೂ,
ಸೈಲೆನ್ಸರಿಗೆ ಹೊಟ್ಟಿ, ಕುತ್ತಿಗಿ, ತುದಿಗೊಂದು ಚಿಲುಮಿ.
ಖರೆ ಬಿದ್ರಿ ಹುಕ್ಕಾನೇ ಎದ್ದು ಬಂದಂಗ.

ಬರದಾಕಿ ನಸೀಮಾ, ಬಿದ್ರಿ ಕೆಲಸದ ಮನಿಯಾಕಿ.
ತಗಡಿನ ಮ್ಯಾಲ ಅಶರ್ಫಿ ಬರೀತಾರೇನು, ಅಂತ
ಅವರಪ್ಪ ವಾರಗಟ್ಟಲೆ ಆಕಿ ಕೂಡ ಮಾತಾಡಲಿಲ್ಲ.
ಬಿದ್ರಿ ಕರ್ರಗಾಗೋದು ಕಿಲ್ಲೆಯ ಮಣ್ಣಿನಿಂದ,
ಇದು ಕರ್ರಗಾದದ್ದು ನಾಕು ಲೀಟರ್ ಪೇಂಟಿನಿಂದ.
ಆದ್ರೂ ಆಕಿ ಒಂದು ಹಿಡಿ ಕಿಲ್ಲೆ ಮಣ್ಣು ತಂದು
ಡಬ್ಬಿಯಾಗ ಕಲಸಿದ್ಳಂತ.
ಪೇಂಟು ಗಂಟು ಗಂಟಾತು, ಅಷ್ಟೇ.

ಗಾಲಿ ಬಿಚ್ಚಿದ ಟ್ರಾಲಿ, ಅದರ ತುಂಬ ಉಸುಕಿನ ಚೀಲ,
ಸುಣ್ಣದ ಗೆರಿಯಿಂದ ಎಷ್ಟು ದೂರ ಜಗ್ತೀ, ಜಗ್ಗು.
ಅವತ್ತು ಹತ್ತೊಂಬತ್ತು ಫೂಟು. ಕ್ಲಚ್ಚು ಸುಟ್ಟ ವಾಸನಿ.
'ಆರಿತಲೇ ಹುಕ್ಕಾ!' ಮಂದಿ ನಕ್ಕರು.

ಸಂತಪುರದಾಗ ನಗಲಿಲ್ಲ.
ಅರವತ್ತೆರಡು ಫೂಟು, ಏಳು ಇಂಚು.
ಮುಂದಿನ ಗಾಲಿ ಎರಡೂ ನೆಲ ಬಿಟ್ಟು,
ಕಾಂಪೌಂಡ್ ಹಿಡಕೊಂಡು ಪೇರಲ ಹಣ್ಣಿಗೆ ಇಣುಕೋ ಹುಡುಗನಂಗ
ಮೂಗೆತ್ತಿ ನಿಂತಿತ್ತು.
'ಎಳಿ, ಹುಕ್ಕಾ ಎಳಿ!' ಅಂತ ಹುಡುಗರು ಕೂಗಿದ್ರ
ಚಟ ಬಿಟ್ಟ ಮುದುಕರೂ ಕೂಗ್ತಿದ್ರು.
ಉದಗೀರ ಗೆದ್ದಿತು. ಜಹೀರಾಬಾದಿನಾಗ ಆಕ್ಸಲ್ ಮುರೀತು;
ರಾತ್ರೋರಾತ್ರಿ ಬೆಸೆದು ಮರುದಿನ ಚಿಂಚೋಳಿ.
ಎರಡು ವರ್ಷ, ಹನ್ನೊಂದು ಕಪ್ಪು, ಒಂದು ಫ್ರಿಜ್ಜು.
ಫ್ರಿಜ್ಜು ನಸೀಮಾನ ಮನಿಯಾಗದ.
ಅವರಪ್ಪ ಅದರಾಗಿನ ನೀರು ಕುಡೀತಾನ.

ಭಾಲ್ಕಿಯ ಫೈನಲ್ಲು.
ಎದುರಿಗೆ ಕಮಲನಗರದ ವ್ಯಂಕಟ.
ಅವನ ಗಾಡಿಗೆ ಹೆಸರಿಲ್ಲ, ಬಣ್ಣ ಇಲ್ಲ, ಬಾನೆಟ್ಟೂ ಇಲ್ಲ,
ರೇಡಿಯೇಟರಿಗೆ ಗೋಣಿತಾಟು ಕಟ್ಟಿತ್ತು.
ಹುಕ್ಕಾ ಎಂಬತ್ತೆಂಟು ಫೂಟು, ನಾಕು ಇಂಚು.
ಆಮ್ಯಾಲ ಆ ಹೆಸರಿಲ್ಲದ್ದು.
ಧೂಳು, ಡೀಸೆಲ್ಲು, ಬೆನ್ನಿಗೆ ಬಿದ್ದ ಮಂದಿ,
ಯಾರೋ ನನ್ನ ಮೊಣಕೈ ಜಗ್ಗಿದ್ರು.
ನಾ ಟೇಪು ನೋಡಿದೆ, ಮೈಕಿನಾಗ ಹೇಳಿದೆ:
ಎಂಬತ್ತೆಂಟು ಫೂಟು, ನಾಕೂ ಮುಕ್ಕಾಲು.

ಸುಧಾಕರ ಚಾವಿ ತಿರುವಿದ.
ಇಂಜಿನ್ನು ನಿಂತ ಮ್ಯಾಲೂ ಚಿಲುಮಿಯಿಂದ
ಒಂದು ಎಳಿ ಹೊಗಿ.

ನಸೀಮಾ ಟೇಲರ್ ಟೇಪು ಹಿಡಕೊಂಡು ಬಂದಾಗ
ಮಂದಿ ಕುಣಿದು ಸುಣ್ಣದ ಗೆರಿ ಅಳಿಸಿತ್ತು.
ಕುಕ್ಕರಗಾಲಿಲೆ ಕುಂತು ಧೂಳಿನಾಗ ಬೆರಳಾಡಿಸಿದ್ಳು,
ಆಮ್ಯಾಲ ನನ್ನ ಟೇಪಿನ ತುದಿ ಎತ್ತಿ ನೋಡಿದ್ಳು.
'ಚಾಚಾ, ಒಂದು ಎಲ್ಲಿ ಹೋತು?'
'ಕಳೀತೀನವ್ವಾ.'
'ಎರಡಕ್ಕೂ ಕಳೆದ್ರಿ?'
'ಹೂಂ' ಅಂದೆ.
ನನಗಿಂತ ಮೊದಲ ನನ್ನ ಬಾಯಿ ಅಂದಿತು.

ಈಗ ಹುಕ್ಕಾ ಕಬ್ಬು ಹೊರತದ, ಹಳ್ಳಿಖೇಡದ ಫ್ಯಾಕ್ಟರಿಗೆ,
ಜೋಡಿ ಟ್ರಾಲಿ. ಚಿಲುಮಿ ಎಲ್ಲೋ ಬಿದ್ದದ.
ಅಶರ್ಫಿ ಉದುರಿದಲ್ಲಿ ತುಕ್ಕು,
ಬಾನೆಟ್ಟಿನ ಒಂದು ಮೂಲ್ಯಾಗ ಮಾತ್ರ
ಮಣ್ಣಿನ ಗಂಟಿದ್ದ ಕಡೆ ಬಣ್ಣ ಇನ್ನೂ ಹಿಡದದ.
ರೈಲ್ವೆ ಗೇಟಿನಾಗ ನಿಂತಾಗ ಸುಧಾಕರ
'ಅರಾಮೇನ್ರಿ ಸಾಹೇಬ್ರ' ಅಂತಾನ,
ಅರ್ಧ ಬೀಡಿ ಕೊಡ್ತಾನ.

ಗೇಟು ತೆಗೀತದ. ಗಾಡಿ ಹೋಗ್ತದ.
ಸೇತುವಿ ಕಟ್ಟಿ ಮ್ಯಾಲ ನಾ ಕುಂತೀನಿ.
ನನ್ನ ಹೆಬ್ಬೆರಳು ಒಂದು ಬೆರಳು ಮಡಚ್ತದ,
ಬಿಚ್ಚತದ,
ಮತ್ತ ಮಡಚ್ತದ.