ಯಾರ ಹಿಡಿ

ಮಿರಜದ ಡಾಕ್ಟರ ಮರಾಠಿಯೊಳಗ ಬರದು ಕೊಟ್ಟಿದ್ದ:
ದಿನಾ ಮೂಠಭರ ಶೇಂಗಾ. ಉಪ್ಪಿಲ್ಲದ್ದು, ಕರಿದದ್ದಲ್ಲ.
ಆ ಚೀಟಿ ಹಿಡಕೊಂಡು ಜತ್ತದಾಗ ಬಸ್ ಇಳದು
ನೆಟ್ಟಗ ನನ್ನ ಭಟ್ಟಿಗೆ ಬಂದ ಅಮೋಗಿ.
ಮನಿಗೂ ಹೋಗಿರಲಿಲ್ಲ.
ಅಂಗಿಗೆ ಇನ್ನೂ ದವಾಖಾನಿ ವಾಸನಿ.

"ಮೂಠಭರ ಅಂದ್ರ ಯಾರ ಮೂಠ?" ಅಂದೆ.
ನಗಲಿಲ್ಲ ಅಂವ. ಕೈ ಮುಂದ ಮಾಡಿದ.

ಆ ಕೈ ನನಗ ಗುರ್ತ ಐತಿ.
ಉಮದಿ ಮೈದಾನದಾಗ, ಜ್ವಾಳದ ರಾಶಿ ಮುಗದ ಮ್ಯಾಲ,
ನನ್ನ ಕುತ್ತಿಗಿಗೆ ಬಿದ್ದದ್ದು ಅದ ಕೈ.
ಕೆಮ್ಮಣ್ಣು ಬಾಯಾಗ, ಆಕಾಶ ಕಣ್ಣಾಗ,
ಕಣ್ಣ ಪಿಳಕಿಸೂದ್ರಾಗ ನನ್ನ ಬೆನ್ನು ನೆಲಕ್ಕ.
ಬೆಳ್ಳಿ ಕಡೆ ಅವಗ ಹೋತು. ನನಗ ಒಂದು ತೆಂಗಿನಕಾಯಿ,
ಮತ್ತ ಕಬ್ಬಿನ ಟ್ರಕ್ಕಿನ ಮ್ಯಾಲ ಊರಿಗೆ ದಾರಿ.

ಆಗಿನ ತಾಲೀಮಿನ ಹುಡುಗರು
ಬದಾಮ ಎಣಿಸಿ ತಿಂತಿದ್ದರು, ರೊಕ್ಕ ಎಣಿಸಿದಂಗ.
ಅಮೋಗಿಗೆ ನೂರು. ರಾತ್ರಿ ನೆನಿಹಾಕಿ,
ಮುಂಜಾನೆ ಸಿಪ್ಪಿ ಸುಲದು, ಕಲ್ಲಿನ ಮ್ಯಾಲ ಅರದು,
ಎಮ್ಮಿ ಹಾಲಿನಾಗ ಕಲಸಿ, ಮ್ಯಾಲ ಒಂದು ಬೆರಳು ತುಪ್ಪ.
ಪಾಟೀಲರು ಕಳಸ್ತಿದ್ದರು, ಚೀಲ ಚೀಲ.
ನನಗ ನಮ್ಮವ್ವ ಶೇಂಗಾ ಕೊಡತಿದ್ದಳು, ಬೆಲ್ಲದ ಜೋಡಿ.
"ಬದಾಮಿನ ತಂಗಿ ಇದು" ಅಂತಿದ್ದಳು.
ನಾನೂ ನಂಬಿದ್ದೆ, ಸೋಲೂ ಮಟ.
ಈಗ ನೋಡ, ತಂಗಿ ಬಂದಾಳ ಔಷಧ ಚೀಟಿಯೊಳಗ.

ಎದಿಯಾಗ ಎರಡು ನಳಿಕಿ ಹಾಕ್ಯಾರಂತ,
ಬಾಲ್‌ಪೆನ್ನಿನ ಸ್ಪ್ರಿಂಗ್ ಇದ್ದಂಗ, ಅಂತ ತೋರಿಸಿದ.
"ಡಾಕ್ಟರ ಹೇಳಿದ, ಹೃದಯ ಅಂದ್ರ
ನಿನ್ನ ಮುಷ್ಟಿ ಎಷ್ಟೈತಿ ಅಷ್ಟ."
ಅಷ್ಟಂದು ತನ್ನ ಮುಷ್ಟಿ ಬಿಗಿಹಿಡದು ನೋಡಿದ,
ಅದು ಬ್ಯಾರೆಯವರದು ಅನ್ನೂಹಂಗ.

ಮರುದಿನ ಹೌಸವ್ವ ಬಂದಳು, ಸಿಟ್ಟಿಲೆ.
"ಅವನ ಕೈಲೆ ಅಳದು ಕೊಡಬ್ಯಾಡ.
ಅವನ ಹಿಡಿ ಅಂದ್ರ ಪಾವು ಕಿಲೋ.
ನನ್ನ ಹಿಡಿ ತಗೋ."
ಬಳಿ ಮ್ಯಾಲ ಸರಿಸಿ ಕೈ ಹಾಕಿದಳು ಬುಟ್ಟಿಯಾಗ,
ರೊಟ್ಟಿ ಬಡದು ಬಡದು ಸವದ ಸಣ್ಣ ಕೈ.
ನಲವತ್ತು ಕಾಳು. ಎರಡು ಸಲ ಎಣಿಸಿದಳು.
ಎರಡನೇ ಸಲ ನಲವತ್ತೊಂದು.
ಒಂದನ್ನ ತಿರುಗಿ ಬುಟ್ಟಿಗೆ ಹಾಕಿದಳು.

ಈಗ ದಿನಾ ಏಳಕ್ಕ ಬರತಾನ ಅಂವ.
ಉಸುಕು ಕಾಯೂ ಮಟ ಬಾಕಿನ ಮ್ಯಾಲ ಕುಂಡರತಾನ.
ಬಾಣಲಿಯಾಗ ಉಸುಕು ಹೊಳ್ಳಿಸಿದಾಗ ಏಳೂ ಸಪ್ಪಳ
ಅವನೂ ಕೇಳತಾನ, ನಾನೂ ಕೇಳತೀನಿ.
ಸಲಿಕಿಲೆ ಅಖಾಡಾ ಅಗದು ಮಣ್ಣು ಹದಾ ಮಾಡೂ ಸಪ್ಪಳ.
ಇಬ್ಬರೂ ಬಾಯಿ ಬಿಡೂದಿಲ್ಲ.

ಹೌಸವ್ವನ ಲೆಕ್ಕ ನಾನು ತಪ್ಪಿಸಿಲ್ಲ, ಖರೇನ.
ಬರೇ ಒಂದ ದಿನ, ಮೋಡ ಕವದಿತ್ತು,
ಅಂವ ಎದಿ ಮ್ಯಾಲ ಕೈ ಇಟಕೊಂಡು ಸುಮ್ಮ ಕೂತಿದ್ದ,
ನನ್ನ ಹಿಡಿಲೆ ಅಳದು ಕೊಟ್ಟೆ.
ನೋಡಿದ. ಅಂಗೈಯಾಗ ತೂಗಿದ,
ಕುಸ್ತಿಗಿಂತ ಮೊದಲ ಎದುರಿನವನ ಕೈ ತೂಗಿದಂಗ.
ನಾಕು ಕಾಳು ಆರಿಸಿ ಗಲ್ಲಾಪೆಟ್ಟಿಗಿ ಮ್ಯಾಲ ಇಟ್ಟ.
"ನಿಂದೂ ಒಂದು ಐತಲ್ಲೋ ಒಳಗ" ಅಂದ.
ರೊಕ್ಕ ಕೊಡೂದು ಮರತು ಹ್ವಾದ.

ಇನ್ನೂ ಬಿಸಿ ಇದ್ದವು. ಮೂರು ತಿಂದೆ.
ನಾಕನೇದು ಕಹಿ ಇತ್ತು. ಅದನ್ನೂ ತಿಂದೆ.