ತೂಕಡಿಕೆ

ಕಾಲ್ಬೆರಳು, ಅಷ್ಟೆ, ಅಂದಿದ್ದ ಕುಮಾಸಿಯಿಂದ ಬಂದ ಮೇಲಧಿಕಾರಿ.
ತಕ್ಕಡಿಯ ಹಲಗೆಯಡಿಗೆ ಕಾಲ್ಬೆರಳು ಕೊಟ್ಟು ನಿಂತುಬಿಡು ಸೈಲಸ್,
ಚೀಲಕ್ಕೆ ಎರಡು ಕಿಲೋ ಕೋಕೋ ನಿನ್ನದು.
ಸೆಫ್ವಿಯ ಯಾವ ಊರಲ್ಲಿ ಯಾರು ಮಾಡುವುದಿಲ್ಲ ಹೇಳು.

ನಾನು ಕೊಡಲಿಲ್ಲ.
ಆ ಹಂಗಾಮಿಡೀ ರಾತ್ರಿ ಮೊಣಕಾಲೂರಿ
ನನ್ನ ಕಾಲ್ಬೆರಳಿಗಾಗಿ ಪ್ರಾರ್ಥಿಸಿದೆ. ನಗಬೇಡಿ.
ಮಗಳ ಶಾಲೆಯ ಫೀಸು ಬಾಕಿಯಿತ್ತು,
ಬೆರಳಿಗೆ ಅದು ಗೊತ್ತಿತ್ತು.

ಮರುವರ್ಷ ಸಭೆಯಲ್ಲಿ ಎದ್ದು ಸಾಕ್ಷಿ ಹೇಳಿದೆ. ತಲೆದೂಗಿದರು.
ಅದರ ಮರುವರ್ಷವೂ ಹೇಳಿದೆ, ಅದರಾಚೆಗೂ.
ಹೇಳಿ ಹೇಳಿ ಕಥೆ ನುಣ್ಣಗಾಯಿತು, ಹೊಳೆಗಲ್ಲಿನ ಹಾಗೆ.
ಹಿರಿಯನಾದೆ. ಬಿಳಿ ಬಟ್ಟೆ, ಮುಂದಿನ ಸಾಲಿನ ಕುರ್ಚಿ.
ಕಂಪನಿಯವರು ಗೋಡೆಗಡಿಯಾರ ಕೊಟ್ಟರು,
ಒಂದು ಕಿಲೋ ಕೊರತೆಯೂ ಬಾರದ ಗುಮಾಸ್ತನೆಂದು.
ಆಶೀರ್ವಾದವೆಂದುಕೊಂಡೆ, ದಿನಾ ಕೀಲಿ ಕೊಟ್ಟೆ.
ಒಮ್ಮೆ ಗೆದ್ದ ಜಗಳವನ್ನು ಮತ್ತೆ ಮತ್ತೆ ಗೆಲ್ಲುವುದು ಎಷ್ಟು ಹಗುರ!
ಮೊಣಕಾಲಿಗೆ ನೆಲ ಮರೆತೇಹೋಯಿತು.

ಈ ಸಲದ ಹಾರ್ಮಟನ್ ಗಾಳಿಯಲ್ಲಿ,
ಮರುಭೂಮಿಯ ಧೂಳು ಹಲ್ಲಿನಲ್ಲಿ ಕರಕರ ಅನ್ನುವಾಗ,
ಆಮಾ ಸೆರ್ವಾಳ ಮೊಮ್ಮಗಳು ಸರದಿ ಕಾದು ಬೇಸತ್ತು
ಹಾರಿ ನಿಂತಳು ನನ್ನ ತಕ್ಕಡಿಯ ಮೇಲೆ.
ಇಪ್ಪತ್ತೆಂಟು.
ನಿನ್ನೆ ಶಾಲೆಯಲ್ಲಿ ನರ್ಸಮ್ಮ ಮೂವತ್ತು ಅಂದರಲ್ಲ,
ಒಂದೇ ರಾತ್ರಿಗೆ ಕರಗಿಹೋದೆನಾ ಅಜ್ಜಿ?
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಗು ಗಂಟಲಲ್ಲೇ ನಿಂತಿತು, ಮೀನಿನ ಮುಳ್ಳಾಗಿ.

ರಾತ್ರಿ ಲಾಟೀನು ಹಿಡಿದು ಗೋದಾಮಿಗೆ ಹೋದೆ.
ಚರ್ಚಿನ ಮೆಟ್ಟಿಲಿಗೆಂದು ತಂದಿಟ್ಟ ಸಿಮೆಂಟು, ಐವತ್ತು ಕಿಲೋ,
ಹೊಲಿಗೆ ಬಿಚ್ಚದ ಚೀಲ. ಹೊತ್ತು ಹಾಕಿದೆ.
ಮುಳ್ಳು ನಡುಗುತ್ತ ಏರಿತು, ನಲವತ್ತೇಳರಲ್ಲಿ ನಿಂತಿತು.
ಕೆಳಗೆ ಬಗ್ಗಿ ನೋಡಿದರೆ ಸ್ಪ್ರಿಂಗಿಗೆ ತುಕ್ಕು,
ತುಕ್ಕಿನ ಮೇಲೆ ಜೇಡ, ಜೇಡಕ್ಕೆ ಸಂಸಾರ.
ಕಡೆಯ ಸಲ ಇದನ್ನು ಪರೀಕ್ಷಿಸಿದ್ದು ಯಾವಾಗ?
ಹಿರಿಯನಾದ ವರ್ಷ.
ನಾನು ಕೊಡದ ಬೆರಳನ್ನು
ತುಕ್ಕು ಕೊಟ್ಟಿತ್ತು, ಸದ್ದಿಲ್ಲದೆ, ಪ್ರತಿ ಚೀಲಕ್ಕೂ.
ಗಡಿಯಾರ ಟಿಕ್ ಅಂದಿತು.

ಆಗ ಅದು ಮಾತಾಡಿತು.
ಕೊಂಬಿರಲಿಲ್ಲ, ಬುಸುಗುಡಲಿಲ್ಲ.
ನನ್ನದೇ ದನಿ, ನನ್ನದೇ ಬಿಳಿ ಬಟ್ಟೆ:
ಕದ್ದವನು ನೀನಲ್ಲವಲ್ಲ. ಒಂದು ತಿರುಪು, ನಾಲ್ಕು ಹನಿ ಎಣ್ಣೆ,
ಬೆಳಗಾದರೆ ಎಲ್ಲ ಸರಿ.
ನೀನು ಬಿದ್ದರೆ ಸಭೆಯ ಹೆಸರೂ ಬೀಳುತ್ತದೆ, ಯೋಚಿಸು.
ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.
ಕರ್ತನೇ, ಮೊದಲಿನ ಸಲ ನನ್ನ ಕಾಲು ಹಿಡಿದೆಯಲ್ಲ,
ಈ ಸಲ ಕೈ ಹಿಡಿ ಅಂದೆ. ದನಿ ಹೊರಡಲಿಲ್ಲ.
ವರ್ಷಗಟ್ಟಲೆ ಬೇರೆಯವರಿಗೆ ಕೇಳಲೆಂದೇ ಪ್ರಾರ್ಥಿಸಿದವನಿಗೆ
ಒಬ್ಬನೇ ಇದ್ದಾಗ ಮಾತೇ ಬರುವುದಿಲ್ಲ.
ಮೊಣಕಾಲೂರಿದೆ, ಅಷ್ಟೆ. ನೆಲ ತಣ್ಣಗಿತ್ತು.

ಬೆಳಿಗ್ಗೆ ಸಾಲು ನಿಂತವರ ಮುಂದೆ
ಸಿಮೆಂಟಿನ ಚೀಲ ತಕ್ಕಡಿಯ ಮೇಲೇ ಇತ್ತು.
ಓದಮ್ಮಾ ಅಂದೆ ಹುಡುಗಿಗೆ.
ಚೀಲದ ಮೇಲಿನ ಅಂಕಿ ಓದಿದಳು, ಮುಳ್ಳಿನದನ್ನೂ ಓದಿದಳು,
ಮತ್ತೆ ಬೆರಳು ಮಡಿಸಿ ಕಳೆದಳು.
ಯಾರೂ ತಲೆದೂಗಲಿಲ್ಲ.
ಒಬ್ಬ ಉಗಿದ. ಒಬ್ಬ ಲೆಕ್ಕದ ಪುಸ್ತಕ ಕಿತ್ತುಕೊಂಡ.
ಆಮಾ ಸೆರ್ವಾ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ,
ಕೊಡಬೇಕಾದ್ದು ಬರೆದಿಡು, ಈಗ ಇದನ್ನು ತೂಗು, ಅಂದಳು.

ಗಡಿಯಾರ ಮಾರಿದೆ. ಸಾಲ ಇನ್ನೂ ತೀರಿಲ್ಲ.
ಮುಂದಿನ ಸಾಲಿನ ಕುರ್ಚಿಯಲ್ಲಿ ಈಗ ಬೇರೆಯವರು,
ಪಾಪ, ಒಳ್ಳೆಯವರು.
ದಿನಾ ಬೆಳಿಗ್ಗೆ ಮೊದಲು ಆ ಚೀಲ ಏರುತ್ತದೆ ತಕ್ಕಡಿಗೆ,
ಸಿಮೆಂಟು ಒಳಗೇ ಕಲ್ಲಾಗಿದೆ.
ಕಲ್ಲೂ ಮಳೆಗಾಲದಲ್ಲಿ ನೀರು ಕುಡಿಯುತ್ತದಂತೆ,
ಅದಕ್ಕೇ ತಿಂಗಳಿಗೊಮ್ಮೆ
ಹುಡುಗಿಯನ್ನೂ ನಿಲ್ಲಿಸಿ ನೋಡುತ್ತೇನೆ.
ಅವಳೋ, ಬೆಳೆಯುತ್ತಲೇ ಇದ್ದಾಳೆ.