ಒಂದೂವರೆ ಮಿಲಿಮೀಟರ್

ಬೆಳಿಗ್ಗೆ ಮೊದಲ ಕೆಲಸ ನೆಲ ನೋಡುವುದು.
ಬೀತೊಂ ಊರಿನಲ್ಲಿ ನೆಲವನ್ನು ನಂಬುವ ಹಾಗಿಲ್ಲ.
ಅಜ್ಜಂದಿರ ಕಾಲದಿಂದ ಕಲ್ಲಿದ್ದಲು ತೋಡಿ ತೋಡಿ
ಕೆಳಗೆಲ್ಲ ಟೊಳ್ಳು;
ಚರ್ಚಿನ ಗೋಡೆಗೂ ಬೇಕರಿಯ ಗೋಡೆಗೂ ಒಂದೇ ಬಿರುಕು.
ರಸಮಟ್ಟದ ಗುಳ್ಳೆ ಇವತ್ತು ಬಾಗಿಲ ಕಡೆ ಸರಿದಿತ್ತು.
ಬೋರಿಂಗ್ ಮೆಶಿನ್ನಿನ ಎಡಗಾಲಿಗೆ ಒಂದು ತಗಡು ತುರುಕಿದೆ,
ಅದರ ಮೇಲೆ ಇನ್ನೊಂದು, ಬೀರ್ ಡಬ್ಬಿಯಿಂದ ಕತ್ತರಿಸಿದ್ದು.
ಆಮೇಲೆ ಗಿಂಟರನ ಎಂಜಿನ್.

ತೊಂಬತ್ತನೇ ಇಸವಿಯ ಕಾರು, ಕಡು ಹಸಿರು.
ಗಣಿ ಮುಚ್ಚಿದಾಗ ಕೊಟ್ಟ ದುಡ್ಡಿನಲ್ಲಿ
ಗಡಿಯಾಚೆಯಿಂದ ಓಡಿಸಿಕೊಂಡು ಬಂದಿದ್ದ.
ಬಾನೆಟ್ಟಿನಡಿ ಬಸವನಹುಳುವಿನಂಥ ಸೂಪರ್‌ಚಾರ್ಜರ್,
ಸುರುಳಿಯೊಳಗೆ ಸುರುಳಿ;
ಬೆಲ್ಟು ಎಳೆದ ಹಾಗೆಲ್ಲ ಗಾಳಿಯನ್ನು ಹಿಂಡಿ
ಒಳಗೆ ದಬ್ಬುತ್ತದೆ, ಬೇಡವೆಂದರೂ ಬಡಿಸುವವರಂತೆ.

"ಸಾವಿರದ ಎಂಟುನೂರು ಸಾಲದು ಟ್ರೂಡಾ, ಎರಡು ಸಾವಿರ ಮಾಡು."
"ಈ ವಯಸ್ಸಿನಲ್ಲಿ?"
"ಯಾರ ವಯಸ್ಸು, ನನ್ನದೋ ಅದರದೋ?"
ನಾನು ಬೆಲೆ ಹೇಳಿದೆ.

ಎಂಬತ್ತೊಂದರಿಂದ ಎಂಬತ್ತೆರಡೂವರೆ.
ಅಡ್ಡಗಲ ಒಂದೂವರೆ ಮಿಲಿಮೀಟರ್ ಹೆಚ್ಚು;
ಈ ಬದಿ ಮುಕ್ಕಾಲು, ಆ ಬದಿ ಮುಕ್ಕಾಲು.
ಅಷ್ಟಕ್ಕೇನಂತೆ ಎಂದು ನಗುವವರಿದ್ದಾರೆ.
ಗೋಡೆಯಾಚೆ ನೀರು ಹರಿಯುತ್ತದೆಂದು ಅವರಿಗೆ ಗೊತ್ತಿಲ್ಲ.
ಅಳೆದೂ ಸುರಿದೂ ಎಂಬುದು
ನನ್ನ ಮನೆಯಲ್ಲಿ ಬೈಗುಳ, ಇಲ್ಲಿ ಕಸುಬು.
ಮೂರನೇ ಸಿಲಿಂಡರು ಒಂದು ಪಕ್ಕ ತೆಳ್ಳಗಿತ್ತು.
ಎರಕ ಹೊಯ್ದವನು ಅವತ್ತು ಯಾವ ಯೋಚನೆಯಲ್ಲಿದ್ದನೋ.
ಎರಡು ಸಲ ಅಳೆದೆ. ಕಾಫಿ ಕುಡಿದೆ. ಮತ್ತೆ ಅಳೆದೆ.
ಉಳಿ ಇಳಿಸಿದೆ.

ಹುಡಿ ಕಪ್ಪಗೆ ಬೆರಳಿಗಂಟಿತು, ಪೆನ್ಸಿಲ್ಲಿನ ಸೀಸದ ಹಾಗೆ.
ಗುಡಿಸಿ ತಕ್ಕಡಿಗೆ ಹಾಕಿದೆ, ಸುಮ್ಮನೆ, ಕುತೂಹಲಕ್ಕೆ:
ನಾಲ್ಕೂ ಸೇರಿ ಮುಕ್ಕಾಲು ಕಿಲೋ.
ಅಷ್ಟು ಕಳೆದುಕೊಂಡು ಎಂಜಿನ್ ದೊಡ್ಡದಾಯಿತು.
ಇಂಥ ಲೆಕ್ಕ ಈ ಊರಿಗೆ ಹೊಸದಲ್ಲ.

ಉದ್ದ ಹೊಡೆತದ ಕ್ರ್ಯಾಂಕು ಓಪೋಲೆಯ ಗುಜರಿಯಿಂದ ಬಂತು,
ಯಾವುದೋ ಟ್ಯಾಕ್ಸಿಯದು.
ಪಿಸ್ಟನ್ನಿನ ನೆತ್ತಿಯ ಬಟ್ಟಲು ಆಳವಾಗಿರಲಿ ಎಂದು ಬರೆದು ಕಳಿಸಿದೆ.
ಒಮ್ಮೆ ಹಿಂಡಿದ ಗಾಳಿಯನ್ನು ಮತ್ತೆ ಹಿಂಡುವಾಗ
ಸ್ವಲ್ಪ ಕರುಣೆ ಬೇಕು.

ಅಕ್ಟೋಬರಿನಲ್ಲಿ ಮುಖ ಹುಳ್ಳಗೆ ಮಾಡಿಕೊಂಡು ಬಂದ.
"ಮುಳ್ಳು ಮೊದಲು ಏಳಕ್ಕೆ ಹೋಗುತ್ತಿತ್ತು, ಈಗ ಐದಕ್ಕೇ ಸುಸ್ತು.
ಸಣ್ಣ ಪುಲ್ಲಿ ಹಾಕು, ಹುಳ ಜೋರಾಗಿ ತಿರುಗಲಿ."
ಬೇಡ ಅಂದೆ. ಮೂವತ್ತು ವರ್ಷದ ಹುಳ, ಒಡೆದೀತು.
"ಒತ್ತಡವನ್ನೇ ಬಲ ಅಂದುಕೊಂಡಿದ್ದೀಯ ಗಿಂಟರ್.
ಜಾಗ ಸಾಲದೆ ಹೊಸ್ತಿಲಲ್ಲಿ ಜಗಳಾಡುತ್ತಿದ್ದ ಗಾಳಿ ಅದು.
ನೆಂಟರು ಅಷ್ಟೇ ಜನ. ಮನೆ ದೊಡ್ಡದಾಗಿದೆ."

ಮಡ್‌ಗಾರ್ಡಿನ ಮೇಲೆ ಕೈಯೂರಿ ಕೆಮ್ಮಿದ, ಬಹಳ ಹೊತ್ತು.
ಮಂಗಳವಾರಗಳಲ್ಲಿ ಆಸ್ಪತ್ರೆಯವರು
ಅವನ ಕೈಲಿ ನಳಿಗೆಯೊಳಗೆ ಊದಿಸುತ್ತಾರೆ. ಅಲ್ಲೂ ಒಂದು ಅಂಕಿ.
ಅದರ ಮಾತು ನಾವು ಎತ್ತುವುದಿಲ್ಲ.
"ಹತ್ತು" ಅಂದ.

ಊರಾಚೆ, ಬೂದಿಗುಡ್ಡ ಬಳಸಿ ಹೋಗುವ ಏರು.
ಮೂರನೇ ಗೇರಿಗೆ ಇಳಿಯಲೇಬೇಕಿದ್ದ ಜಾಗದಲ್ಲಿ
ಅವನ ಕೈ ಅಭ್ಯಾಸಬಲದಿಂದ ಗೇರಿನ ಗುಂಡಿಗೆ ಹೋಯಿತು,
ಅಲ್ಲೇ ಕೂತಿತು.
ಕಾರು ನಾಲ್ಕರಲ್ಲೇ ಹತ್ತಿತು,
ಹುಳದ ಸಿಳ್ಳು ಎಲ್ಲೋ ಕೆಳಗೆ, ಹಲ್ಲು ಕಚ್ಚಿಕೊಳ್ಳದೆ.
ಮುಳ್ಳು ಐದರ ಹತ್ತಿರ ತೂಕಡಿಸುತ್ತಿತ್ತು.
ಇಬ್ಬರೂ ಏನೂ ಹೇಳಲಿಲ್ಲ.

ಮರುವಾರ ನೋಡಿದರೆ ಮೀಟರಿನ ಮುಖಕ್ಕೆ
ಕರಿ ಟೇಪು ಅಂಟಿಸಿದ್ದ.
ಬಾಕಿ ಇನ್ನೂರು ಝ್ಲೋಟಿಯ ಮೇಲೂ
ಅದೇ ಟೇಪು ಇರಬೇಕು.